ಅಂಗಳಕ್ಕೆ ಓಣಿಯವರನ್ನು ಕರೆದ ರವಿವಾರ

ಹುಕ್ಕೇರಿಯಿಂದ ಬಂದು ಗೋಕಾಕದಲ್ಲಿ ಮನೆ ಮಾಡಿ ವರ್ಷ ಕಳೆದಿದ್ದರೂ ಓಣಿಯವರೊಂದಿಗೆ ನನ್ನ ಒಡನಾಟ ಗೇಟಿನ ಹತ್ತಿರದ ಒಂದೆರಡು ಮಾತಿಗೇ ಮುಗಿಯುತ್ತಿತ್ತು. ಓಣಿಯವರೆಲ್ಲ ಕಾಕು ಎಂದು ಕರೆಯುವ ಬಾಜೂ ಮನೆಯ ಹಿರಿಯಾಕೆ ನೋಯುವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಒಮ್ಮೆ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳು ಅದನ್ನು ನೋಡಿದಳು. ಆಕೆ ಘಟಪ್ರಭಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಕುರ್ಚಿಯ ಮೇಲೆ ಕೂತೇ ಕಾಲು ಎತ್ತಿ ಇಳಿಸುವ ವ್ಯಾಯಾಮವನ್ನು ಕಾಕುಗೆ ಹೇಳಿಕೊಟ್ಟಳು. ನೋಡನೋಡುತ್ತಲೇ ಅಕ್ಕಪಕ್ಕದ ಹೆಂಗಸರು ಬಂದು, ತಮ್ಮ ಸೊಂಟ, ತಮ್ಮ ಸಕ್ಕರೆ ಕಾಯಿಲೆ ಎಂದು ಆಕೆಯನ್ನು ಸುತ್ತುವರಿದರು.

ಒಂದು ರವಿವಾರ ಅಕ್ಕನ ಮಗಳನ್ನು ಕರೆಸಿ, ವ್ಯಾಯಾಮ ಕಲಿಯಲು ಎಲ್ಲರನ್ನೂ ಮನೆಗೇ ಕರೆದರಾಯಿತು ಎಂದು ನನಗೆ ಹೊಳೆದದ್ದು ಆಗ. ಸಂಕೋಚದಿಂದಲೇ ಒಂದೊಂದು ಬಾಗಿಲಿಗೂ ಹೋದೆ. ಎದುರುಮನೆಯ ನಿವೃತ್ತ ಮಾಸ್ತರು, "ಊಟಾ ಏನ್ ಮಾಡ್ಸೇರಿ?" ಎಂದು ಕೇಳಿದರು.

"ಜ್ವಾಳದ ಅಂಬಲಿರಿ ಸರ್. ಮಡಕಿಕಾಳ ಉಸುಳಿ ಐತಿ."

"ಬರೇ ಅಂಬಲಿಗೆ ಕರಿಯಾಕ ಬಂದೇರಿ?" ಎಂದು ನಕ್ಕರು. ಬರಲಾರರು ಎಂದುಕೊಂಡೆ.

ಆ ರವಿವಾರ ನಮ್ಮವರು ಮದುವೆಗೆಂದು ಮೂಡಲಗಿಗೆ ಹೋಗಿದ್ದರು. ನಾನು ಬೇಗ ಎದ್ದು ಅಂಗಳ ತೊಳೆದು, ಬೇವಿನ ನೆರಳಿಗೆ ಜಮಖಾನ ಹಾಸಿದೆ. ತಲೆ ಭಾರವಾಗಿತ್ತು. ನಿದ್ದೆ ಸಾಲದ್ದಕ್ಕೆ ಇರಬೇಕು ಎಂದು ಸುಮ್ಮನಾದೆ. ಅಂಗಳ ತುಂಬುವಷ್ಟು ಜನ ಬಂದರು. ಮಾಸ್ತರು ಕರದಂಟಿನ ಡಬ್ಬಿ ಹಿಡಿದು ಬಂದು, "ಅಂಬಲಿಗಿ ಜೋಡಿ ಬೇಕಲ್ರಿ" ಎಂದಾಗ ಎಲ್ಲರೂ ನಕ್ಕರು. ಅಕ್ಕನ ಮಗಳು ತೋರಿಸಿದಂತೆ ಕಾಲು ಎತ್ತಿ ಇಳಿಸಿದರು, ಕಣ್ಣು ಮುಚ್ಚಿ ದೀರ್ಘ ಉಸಿರು ಎಳೆದರು. ವರ್ಷದಿಂದ ದೂರವಿದ್ದವರ ಮಾತು, ನಗು ನಮ್ಮ ಅಂಗಳದಲ್ಲಿ ಕೇಳುತ್ತಿದ್ದುದು ನನಗೆ ಹಬ್ಬದಂತಿತ್ತು.

ಆಮೇಲೆ ಅಕ್ಕನ ಮಗಳು ಒಬ್ಬೊಬ್ಬರದೇ ಬಿ.ಪಿ. ನೋಡತೊಡಗಿದಳು. ನಾನು ಅಂಬಲಿ ಬಡಿಸುತ್ತ ಓಡಾಡುತ್ತಿದ್ದೆ. ಕಾಕು ನನ್ನ ಕೈ ಹಿಡಿದು ನಿಲ್ಲಿಸಿದರು.

"ಎಲ್ಲಾರ್ದೂ ಆತು. ನಿಂದ ಯಾರ ನೋಡೂದು? ಕುಂಡ್ರ ಇಲ್ಲಿ."

ಕೂತೆ. ಹುಡುಗಿ ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಬಿಚ್ಚಿ, ಇನ್ನೊಂದು ತೋಳಿಗೂ ಸುತ್ತಿದಳು. ಅವಳ ಮುಖದ ನಗು ಹೋಗಿತ್ತು.

"ಚಿಗವ್ವಾ, ತಲಿ ನೋಯಾಕತ್ತೈತೇನ?"

"ಸ್ವಲ್ಪ. ರಾತ್ರಿ ನಿದ್ದಿ ಆಗಿಲ್ಲವ್ವಾ."

"ಇದು ನಿದ್ದಿದಲ್ಲ. ಭಾಳ ಏರೈತಿ. ಈಗ ದವಾಖಾನಿಗೆ ಹೋಗೂಣು."

ಮನೆ ತುಂಬ ಜನರಿದ್ದಾರೆ, ಸಂಜೆ ಹೋದರಾಯಿತು ಎಂದೆ. ಅಷ್ಟರಲ್ಲಿ ಮಾಸ್ತರು ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ್ದರು. ನಾಲ್ಕು ಹೆಜ್ಜೆ ನಡೆಯಲು ಕಷ್ಟಪಡುವ ಕಾಕು ನನಗಿಂತ ಮೊದಲೇ ಹತ್ತಿ ಕೂತಿದ್ದರು. ಅಕ್ಕನ ಮಗಳು ಕೆಲಸ ಮಾಡುವ ಘಟಪ್ರಭಾದ ಆಸ್ಪತ್ರೆ ಮುಟ್ಟುವವರೆಗೂ ಕಾಕು ನನ್ನ ಕೈ ಬಿಡಲಿಲ್ಲ. ಎಣ್ಣೆಯ ವಾಸನೆಯ ಆ ಒರಟು ಅಂಗೈ ಹಿಡಿದಾಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು, ಧೈರ್ಯ ಬಂದದ್ದೂ ಆಗಲೇ.

ನಾವು ತಡಮಾಡದೆ ಬಂದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿ, ಒಂದು ದಿನ ಅಲ್ಲೇ ಇರಿಸಿಕೊಂಡರು. ನಮ್ಮವರು ಮೂಡಲಗಿಯಿಂದ ಗಾಬರಿಯಾಗಿ ಬಂದರು. ಅವರು ಬರುವವರೆಗೂ ಕಾಕು ಬೆಂಚಿನಿಂದ ಏಳಲಿಲ್ಲ. "ಆರಾಮ ಅದಾಳ್ರಿ, ನೀವೊಂದಿಷ್ಟ ನೀರ ಕುಡೀರಿ" ಎಂದು ಅವರನ್ನೇ ಸಮಾಧಾನಪಡಿಸಿದರು.

ಮರುದಿನ ಮನೆಗೆ ಬಂದರೆ ಅಂಗಳ ಗುಡಿಸಿತ್ತು, ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ಯಾರು ತೊಳೆದರೆಂದು ಇಂದಿಗೂ ಗೊತ್ತಿಲ್ಲ. ಕೇಳಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ. ಕೆಲವು ದಿನ ಉಪ್ಪು ಕಡಿಮೆ ಹಾಕಿದ ಪಲ್ಯ, ಬಿಸಿ ರೊಟ್ಟಿ ಒಂದಲ್ಲ ಒಂದು ಮನೆಯಿಂದ ಬರುತ್ತಲೇ ಇದ್ದವು.

ಮುಂದಿನ ರವಿವಾರ ಯಾರನ್ನೂ ಕರೆಯುವ ಶಕ್ತಿ ನನಗಿರಲಿಲ್ಲ. ಬೆಳಿಗ್ಗೆ ಹೊರಗೆ ಸದ್ದು ಕೇಳಿ ಬಂದು ನೋಡಿದೆ. ಓಣಿಯವರು ಕಾಕುವಿನ ಮನೆಯ ಮುಂದೆ ಸೇರಿದ್ದರು. ಮಾಸ್ತರು ಸಾಲಿಯ ಹುಡುಗರಿಗೆ ಹೇಳುವಂತೆ, "ಉಸಿರ ತಗೋರಿ, ಬಿಡ್ರಿ" ಎನ್ನುತ್ತಿದ್ದರು. ನನಗೊಂದು ಕುರ್ಚಿ ನೆರಳಿನಲ್ಲಿ ಇಟ್ಟಿದ್ದರು. ಹೋಗಿ ಕೂತೆ, ಕಣ್ಣು ಮುಚ್ಚಿ ಎಲ್ಲರೊಂದಿಗೆ ಉಸಿರು ಎಳೆದುಕೊಂಡೆ.