ಆಶಾರಾಣಿಯ ಕೋಟೆಗೆ ದಕ್ಷಿಣದ ಬಾಗಿಲು

ಚಿತ್ರದುರ್ಗದಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಬೇಕೆಂದರೂ ಶ್ರದ್ಧಾಂಜಲಿಯ ಫ್ಲೆಕ್ಸ್ ಬೇಕೆಂದರೂ ಜನ ಓಬಳೇಶನ ಅಂಗಡಿಗೆ ಬರುತ್ತಾರೆ. ಚೆನ್ನಾಗಿ ಬಂದರೆ ಓಬಳೇಶನ ಬೆನ್ನು ತಟ್ಟುತ್ತಾರೆ. ಫೋಟೊ ಕತ್ತರಿಸುವುದು, ಸತ್ತವರ ಮುಖಕ್ಕೆ ಒಂದಿಷ್ಟು ಬೆಳಕು ಕೊಡುವುದು, ಮರಿ ಪುಢಾರಿಯ ಮೀಸೆಯನ್ನು ದಪ್ಪ ಮಾಡುವುದು, ಇದೆಲ್ಲ ಅವನ ಹೆಂಡತಿ ಆಶಾರಾಣಿಯ ಕೈಕೆಲಸ ಎಂಬುದು ಬೆನ್ನು ತಟ್ಟುವವರಿಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಅವಳು ಒಳಗಿರುತ್ತಾಳೆ.

ಒಳಗೆ ಎಂದರೆ ತೀರಾ ಒಳಗೆ. ಮನೆಯ ಮುಂಭಾಗದಲ್ಲಿ ಅಂಗಡಿ, ನಡುವೆ ಹಜಾರ, ಹಿಂದೆ ದಕ್ಷಿಣದ ತುದಿಗೆ ಅವಳ ಕೋಣೆ. ಅಲ್ಲಿ ಕಂಪ್ಯೂಟರೂ ಪ್ರಿಂಟಿಂಗ್ ಮಷಿನ್ನೂ ಇವೆ, ಕಿಟಕಿಯಿಲ್ಲ. ಇಂಕಿನ ವಾಸನೆ ಮೂಗಿನಿಂದ ಗಂಟಲಿಗಿಳಿದು ಅಲ್ಲೇ ಠಿಕಾಣಿ ಹೂಡುತ್ತದೆ. ಹಿಂದೆ ಆ ಕೋಣೆಗೆ ಹಿತ್ತಿಲ ಕಡೆ ಒಂದು ಬಾಗಿಲಿತ್ತು. ಮಾವ ಕಾಟಪ್ಪ ಒಂದು ಬೆಳಿಗ್ಗೆ ಆ ಬಾಗಿಲಲ್ಲೇ ನಿಂತು ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಅವರ ತಿಥಿ ಮುಗಿಯುವಷ್ಟರಲ್ಲಿ ಹಿರಿಯೂರಿನ ದಾರಿಯಲ್ಲಿ ಓಬಳೇಶನ ಬೈಕಿಗೆ ಲಾರಿ ಗುದ್ದಿತು. ಅತ್ತೆ ಏಕಾಂತಮ್ಮ ವಾಸ್ತು ನೋಡುವವರನ್ನು ಕರೆಸಿದರು. ದಕ್ಷಿಣದ ಬಾಗಿಲು ಯಮನದು, ಈ ಮನೆಯ ಗಂಡಸರಿಗೆ ಆಗಿಬರುವುದಿಲ್ಲ ಎಂದು ಹೇಳಿ ಅವರು ಹೋದರು. ಮಾರನೆಯ ದಿನವೇ ಇಟ್ಟಿಗೆ ಬಂತು. ಬಾಗಿಲು ಗೋಡೆಯಾಯಿತು, ಹಾಸಿಗೆ ಹಿಡಿದಿದ್ದ ಓಬಳೇಶ ಎದ್ದು ಓಡಾಡಿದ.

ಆ ಮನೆಗೆ ಆಶಾರಾಣಿ ಸೊಸೆಯಾಗಿ ಬಂದಳು. ರಾಮಗಿರಿಯ ಅವಳ ತವರಿನಲ್ಲಿ ಮುಂಬಾಗಿಲಿಗೆ ನೇರ ಹಿತ್ತಿಲ ಬಾಗಿಲು. ಗುಡ್ಡದ ಗಾಳಿ ಒಂದರಲ್ಲಿ ನುಗ್ಗಿ ಇನ್ನೊಂದರಲ್ಲಿ ಹೋಗುತ್ತಿತ್ತು. ಇಲ್ಲಿ ಅವಳಿಗೆ ಕೆಮ್ಮು ಹತ್ತಿತು. ಆ ಬಾಗಿಲನ್ನು ಮತ್ತೆ ತೆರೆಸಿಕೊಡಿ, ಉಸಿರಾಡುವುದೇ ಕಷ್ಟವಾಗಿದೆ ಎಂದು ಗಂಡನನ್ನು ಕೇಳಿದಳು. ಅವನು ಅವ್ವನನ್ನು ಕೇಳು ಎಂದ. ಅವ್ವ ಗದರಲಿಲ್ಲ.

"ಆ ಬಾಗ್ಲು ಮುಚ್ಚಿದ್ ಮೇಲೆ ನನ್ ಮಗ ಎದ್ದು ಕುಂತ ಕಣವ್ವ," ಎಂದರು. "ಇನ್ನೇನ್ ಹೇಳ್ಲಿ ನಾನು?"

ಅತ್ತೆ ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಏಕಾಂತಮ್ಮನಿಗಿದ್ದದ್ದು ಭಯ, ಅದೂ ಆಶಾರಾಣಿಯ ಗಂಡನ ಪ್ರಾಣದ ಭಯ. ಹೀಗಾಗಿ ಅವಳು ಹೊರಗೆ ಕಾಲಿಡಬೇಕೆಂದರೆ ಹಜಾರ ದಾಟಬೇಕು. ಹಜಾರದಲ್ಲಿ ಅತ್ತೆಯ ಕುರ್ಚಿ. ಕುರ್ಚಿಯಿಂದ ಒಂದೇ ಮಾತು: "ಎಲ್ಲಿಗವ್ವ?" ಅದರಲ್ಲಿ ಸಿಟ್ಟಿರಲಿಲ್ಲ, ಬರೀ ವಿಚಾರಣೆ. ಸೊಪ್ಪಿಗೆ, ಟೈಲರ್ ಹತ್ತಿರ, ಗುಡಿಗೆ ಎಂದು ದಿನವೂ ಒಂದು ಉತ್ತರ ಹೊಂದಿಸಬೇಕು. ಸುಮ್ಮನೆ, ಗಾಳಿಗೆ ಎಂಬ ಉತ್ತರ ಆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಕೋಟೆಯ ಬುಡದಲ್ಲೇ ಸಂಸಾರ ಮಾಡಿಕೊಂಡಿದ್ದರೂ ಅವಳು ಕೋಟೆ ಹತ್ತಿದವಳಲ್ಲ, ರಾಜ್ಯೋತ್ಸವದ ಬ್ಯಾನರಿನಲ್ಲಿ ಅದರ ಫೋಟೊ ಅಂಟಿಸಿದವಳು.

ಅಂಥವಳ ಪಾಲಿಗೆ ರಂಜಿತಾ ಬಂದಳು. ಹೊಳಲ್ಕೆರೆಯ ಹುಡುಗಿ, ಊರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಭಾನುವಾರಗಳಲ್ಲಿ ತನ್ನ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಒಂದು ಆಟ ಆಡುತ್ತಾಳೆ. ಮೇಜಿನ ಸುತ್ತ ಕೂತವರಲ್ಲಿ ಒಬ್ಬ ಗದೆ ಹಿಡಿದ ವೀರನಾಗುತ್ತಾನೆ, ಒಬ್ಬಳು ಮಾಟಗಾತಿಯಾಗುತ್ತಾಳೆ. ರಂಜಿತಾ ಕತೆ ಹೇಳುತ್ತಾಳೆ, ಅವರು ದಾಳ ಉರುಳಿಸಿ, ಬಿದ್ದ ಸಂಖ್ಯೆಯ ಲೆಕ್ಕದಲ್ಲಿ ರಾಕ್ಷಸರೊಡನೆ ಹೊಡೆದಾಡುತ್ತಾರೆ. ಅದಕ್ಕೆ ಮೇಜಿನಗಲದ ಒಂದು ರಣರಂಗದ ನಕ್ಷೆ ಬೇಕು. ಗೋಡೆ, ಕೋಣೆ, ಮೆಟ್ಟಿಲುಗಳನ್ನು ಅಚ್ಚು ಹಾಕಿ, ಮೇಲೆಲ್ಲ ಚೌಕುಳಿ ಗೀಟು ಎಳೆದಿರಬೇಕು. ಆ ಚೌಕಗಳ ಮೇಲೆ ಬೆರಳುದ್ದದ ಬೊಂಬೆಗಳನ್ನು ನಡೆಸುತ್ತಾರೆ. ಅವತ್ತಿನ ಬೆಂಕಿ, ಅವತ್ತಿನ ಹಳ್ಳಗಳನ್ನು ಮಾರ್ಕರಿನಲ್ಲಿ ಗೀಚಿ ಆಟ ಮುಗಿದ ಮೇಲೆ ಒರೆಸಬೇಕು. ಮುಂದಿನ ವಾರ ಅದೇ ಕೋಟೆ, ಬೇರೆ ಕತೆ. ಇದೆಲ್ಲ ತಲೆಗೆ ಹತ್ತದೆ ಓಬಳೇಶ ಅವಳನ್ನು ಒಳಗಿನ ಕೋಣೆಗೇ ಕಳಿಸಿದ.

ಒಮ್ಮೆ ಕಟ್ಟಿದರೆ ಮುಗಿಯುವ ಫ್ಲೆಕ್ಸು, ಆಮೇಲೆ ಯಾರದೋ ಬಣವೆಯ ಮೇಲೆ ಹೊದಿಕೆಯಾಗುವ ಫ್ಲೆಕ್ಸು, ಇದನ್ನೇ ಮಾಡಿ ಸಾಕಾಗಿದ್ದ ಆಶಾರಾಣಿಗೆ ಈ ಕೆಲಸ ಹಬ್ಬವಾಯಿತು. ಕಲ್ಲೊಂದೊಂದಕ್ಕೂ ಪಾಚಿ ಬರೆದಳು. ಮೇಲೆ ಲ್ಯಾಮಿನೇಶನ್ ಹಾಕಿ ಕೊಡುವಾಗ ತಾಕೀತನ್ನೂ ಮಾಡಿದಳು: ಅವತ್ತಿನ ಗೀಟು ಅವತ್ತೇ ಒರೆಸಿಬಿಡಿ, ಒಂದು ದಿನ ಬಿಟ್ಟರೆ ಕಲೆಯಾಗಿ ಕೂರುತ್ತದೆ, ಆಮೇಲೆ ತಿಕ್ಕಿದರೂ ಹೋಗುವುದಿಲ್ಲ.

ಕೆಲವು ನಕ್ಷೆಗಳಾದ ಮೇಲೆ ರಂಜಿತಾ ನಗುತ್ತ ಬಂದಳು.

"ಅಕ್ಕ, ನಮ್ ಹುಡುಗ್ರು ನಿಮ್ ಕೋಟೆನ ಕಣ್ ಮುಚ್ಕಂಡು ಗೆಲ್ತಾರೆ. ಪೂರ್ವಕ್ಕೆ ಬಾಗ್ಲು, ಆಗ್ನೇಯಕ್ಕೆ ಬೆಂಕಿ, ಉತ್ತರಕ್ಕೆ ಖಜಾನೆ. ರಾಕ್ಷಸನ ಮನೆಗೂ ವಾಸ್ತು ನೋಡಿದೀರಲ್ರಿ."

ಆಶಾರಾಣಿ ನಕ್ಷೆಗಳನ್ನು ಹರಡಿ ನೋಡಿದಳು. ನಿಜ. ಸೈಟು ಮಾರುವವರ ವಾಸ್ತುಪ್ರಕಾರದ ಮನೆ ಪ್ಲಾನುಗಳನ್ನು ಪ್ರಿಂಟು ಮಾಡಿ ಮಾಡಿ ಕೈ ತಾನಾಗಿ ಆ ಕಡೆಗೇ ಹೋಗಿತ್ತು. ಒಂದೇ ಒಂದು ಪಾಳುಕೋಟೆಗೂ ಅವಳು ದಕ್ಷಿಣಕ್ಕೆ ಬಾಗಿಲಿಟ್ಟಿರಲಿಲ್ಲ. ಅವಳಿಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು. ಗೋಡೆ ಕಟ್ಟಿದವರು ಅತ್ತೆ ಎಂದುಕೊಂಡಿದ್ದಳು. ಯಾರೂ ಹೇಳದಿದ್ದರೂ ಅದೇ ಗೋಡೆಯನ್ನು ತಾನೇ ಮತ್ತೆ ಮತ್ತೆ ಕಟ್ಟುತ್ತಿದ್ದಳಲ್ಲ.

ಮುಂದಿನ ನಕ್ಷೆಗೆ ಅವಳು ತಮ್ಮ ಮನೆಯನ್ನೇ ಕೋಟೆ ಮಾಡಿದಳು. ಉತ್ತರಕ್ಕೆ ಅಂಗಡಿಯಿದ್ದಲ್ಲಿ ಕಾವಲು ಗೋಪುರ, ನಡುವೆ ಸಭಾಂಗಣ, ಅದರಲ್ಲಿ ಒಂದು ಕಲ್ಲಿನ ಪೀಠ. ದಕ್ಷಿಣಕ್ಕೆ ಒಂದು ಕೋಣೆ, ಆ ಕೋಣೆಗೆ ಬಾಗಿಲು. ಪ್ರಿಂಟಿಗೆ ಕೊಡುವ ಮುಂಚೆ ಓಬಳೇಶ ಬಗ್ಗಿ ನೋಡಿದ. ಅವನಿಗೆ ತನ್ನ ಮನೆಯ ಗುರುತು ಸಿಕ್ಕಿಬಿಟ್ಟಿತು.

"ಅದೊಂದು ಬ್ಯಾಡ ಕಣೇ. ಅವ್ವ ನೋಡಿದ್ರೆ ಉಣ್ಣಲ್ಲ."

ಅವನು ಬೇಡಿಕೊಳ್ಳುವವನಂತೆ ಹೇಳಿದ. ಗದರಿದ್ದರೆ ಅವಳು ಹಟ ಹಿಡಿಯುತ್ತಿದ್ದಳೋ ಏನೋ. ಮೌಸ್ ಎಳೆದು ಬಾಗಿಲಿದ್ದಲ್ಲಿ ಇಟ್ಟಿಗೆ ತುಂಬಿದಳು. ಕ್ಷಣದ ಕೆಲಸ.

ಭಾನುವಾರ ಓಬಳೇಶ ಬ್ಯಾನರು ಕಟ್ಟಿಸಲು ಹೊಸದುರ್ಗಕ್ಕೆ ಹೋಗಿದ್ದ. ರಂಜಿತಾಳ ಫೋನು ಬಂತು, ನಕ್ಷೆ ಇವತ್ತೇ ಬೇಕು ಎಂದು. ಆಶಾರಾಣಿ ಸುರುಳಿ ಹಿಡಿದು ಹಜಾರಕ್ಕೆ ಬಂದಳು. ಎಲ್ಲಿಗೆ ಎಂದು ಅತ್ತೆ ಕೇಳಿದರು. ಆರ್ಡರು ಕೊಟ್ಟು ಬರುತ್ತೇನೆ ಎಂದಳು. ಸುಳ್ಳೇನಲ್ಲ.

ಆಟ ನಡೆಯುವುದು ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ. ನಾಲ್ಕು ಕಡೆ ಕಿಟಕಿ, ಎಲ್ಲವೂ ತೆರೆದಿದ್ದವು. ಕೊಟ್ಟು ಬರಲು ಹೋದವಳು ಕೂತೇಬಿಟ್ಟಳು. ಬೊಂಬೆಗಳು ಗೋಪುರದಿಂದ ಒಳನುಗ್ಗಿದವು. ಸಭಾಂಗಣಕ್ಕೆ ಬಂದದ್ದೇ ತಡ, ಪೀಠದ ಮೇಲಿನ ಕಾವಲುಗಾತಿ ಎಚ್ಚರಗೊಂಡಳು ಎಂದು ರಂಜಿತಾ ಕತೆ ಹೂಡಿದಳು. ಯಾವ ಕತ್ತಿಯೂ ಅವಳಿಗೆ ನಾಟುತ್ತಿರಲಿಲ್ಲ. ಎಲ್ಲರೂ ದಕ್ಷಿಣದ ಕೋಣೆಗೆ ಓಡಿದರು. ಹಿಂದೆ ಕಾವಲುಗಾತಿ, ಮುಂದೆ ಗೋಡೆ, ನಡುವೆ ವಿಷದ ಹೊಗೆ.

"ಕೋಟೆ ಕಟ್ಟಿದೋರು ನೀವು," ರಂಜಿತಾ ಅವಳ ಕಡೆ ತಿರುಗಿದಳು. "ಇಲ್ಲಿಂದ ದಾರಿ ಐತೇನ್ರಿ?"

"ಇತ್ತು. ಮುಚ್ಚಿದಾರೆ." ಮಷಿನ್ನಿನ ವೈರಿಗೆಂದು ತೂತು ಕೊರೆದ ದಿನ ಡ್ರಿಲ್ಲು ಗಕ್ಕನೆ ಆಚೆ ಹೋದದ್ದು ಅವಳಿಗೆ ನೆನಪಾಯಿತು. "ಇಟ್ಟಿಗೆ ಒಂದೇ ಸಾಲು."

"ಒಂದೇ ಸಾಲಾ?" ಗದೆಯ ವೀರನಾಗಿದ್ದ ನಿರಂಜನ್ ಎಂಬ ಹುಡುಗ ದಾಳ ಎತ್ತಿಕೊಂಡ. "ಹಂಗಾದ್ರೆ ಒಡದು ಹೋಗಾಣ ನಡೀರಿ."

ದಾಳ ಉರುಳಿತು. ಗೋಡೆ ಬಿತ್ತು. ರಂಜಿತಾ ಕೆಂಪು ಮಾರ್ಕರಿನಲ್ಲಿ ಎರಡು ಗೀಟು ಎಳೆದಳು, ಅದೇ ಬಾಗಿಲು. ಬೊಂಬೆಗಳು ಒಂದೊಂದಾಗಿ ಹಿತ್ತಿಲಿಗೆ ಇಳಿದವು. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ಆ ಪ್ಲಾಸ್ಟಿಕ್ ಬೊಂಬೆಗಳನ್ನು ಕಂಡು ಆಶಾರಾಣಿಗೆ ಹೊಟ್ಟೆಕಿಚ್ಚಾಯಿತು.

ಆಟ ಮುಗಿದ ಮೇಲೆ ನಿರಂಜನ್ ಒದ್ದೆ ಬಟ್ಟೆ ತಂದು ಹೊಗೆ, ರಕ್ತ ಎಲ್ಲವನ್ನೂ ಒರೆಸುತ್ತ ಬಂದ. ದಕ್ಷಿಣದ ಗೋಡೆಯ ಹತ್ತಿರ ಬಂದಾಗ ಅವಳು ಅವನ ಕೈಗೆ ಅಡ್ಡ ಕೈಯಿಟ್ಟಳು.

"ಅದೊಂದ್ ಬಿಡ್ರಿ."

"ಕಲೆ ಉಳೀತದೆ ಅಂತ ನೀವೇ ಅಂದಿದ್ರಲ್ಲಕ್ಕ," ಎಂದಳು ರಂಜಿತಾ.

"ಉಳೀಲಿ."

ಅವರು ಹಾಗೇ ಸುರುಳಿ ಸುತ್ತಿದರು.

ಮನೆಗೆ ಬಂದಾಗ ಏಕಾಂತಮ್ಮ ಕುರ್ಚಿಯಲ್ಲೇ ಇದ್ದರು. ಇಷ್ಟು ಹೊತ್ತು ಎಲ್ಲಿ ಎಂದು ಕೇಳಿದರು. ಕೇಳುತ್ತಲೇ ಮುಚ್ಚಿಟ್ಟಿದ್ದ ಲೋಟವನ್ನು ಮುಂದೆ ಹಿಡಿದರು. ಮೆಣಸು ಜೀರಿಗೆಯ ಕಷಾಯ.

"ನಿನ್ನೆಯೆಲ್ಲ ಕೆಮ್ತಿದ್ದೆ. ಕುಡಿಯವ್ವ, ಆರಿ ಹೋಗ್ತದೆ."

ಇದನ್ನು ಕುಡಿದ ಬಾಯಲ್ಲಿ ಆ ಗೋಡೆ ಒಡೆಸಿ ಎನ್ನುವುದು ಹೇಗೆ? ಅವಳು ನಿಂತೇ ಕುಡಿದಳು, ಲೋಟ ತೊಳೆದಿಟ್ಟಳು, ಕೋಣೆಗೆ ಹೋದಳು. ಬೆಳಗಾದರೆ ಒಂದು ಹುಟ್ಟುಹಬ್ಬದ ಬ್ಯಾನರು ಕೊಡಬೇಕಿತ್ತು. ಮಷಿನ್ನು ಶುರುವಾಯಿತು, ಇಂಕಿನ ವಾಸನೆ ಎದ್ದಿತು. ಆಶಾರಾಣಿ ಟೇಬಲ್ಲಿನ ಮೇಲಿದ್ದ ಕೆಂಪು ಮಾರ್ಕರನ್ನು ತೆಗೆದುಕೊಂಡು ದಕ್ಷಿಣದ ಗೋಡೆಯ ಮುಂದೆ ನಿಂತಳು, ಮುಚ್ಚಳ ತೆಗೆದಳು. ಆಮೇಲೆ ಮುಚ್ಚಳ ಹಾಕಿ ಮಾರ್ಕರನ್ನು ಇದ್ದಲ್ಲೇ ಇಟ್ಟು, ಗೋಡೆಗೆ ಬೆನ್ನು ಹಾಕಿ ಕೂತು, ಯಾರದೋ ಮೀಸೆಯನ್ನು ದಪ್ಪ ಮಾಡತೊಡಗಿದಳು.