ಹೊಸ ಟ್ಯಾಬಿನ ಪರ ವಾದಿಸಿದ್ದು ನಾನೇ

ವಿಲೆ ಪಾರ್ಲೆಯ ನಮ್ಮ ಹಳೆಯ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವುದು ಖಚಿತವಾದಾಗ, ಅದರ ಷರತ್ತುಗಳನ್ನೆಲ್ಲ ಆನ್‌ಲೈನಿಗೆ ಹಾಕುವ ಕೆಲಸವನ್ನು ಕಮಿಟಿಯವರು ನನಗೆ ಅಂಟಿಸಿದರು. ಉದ್ದಾನುದ್ದದ ಒಂದೇ ಪುಟ. ನಡುನಡುವೆ ನಕ್ಷೆಗಳಿಗೆ, ನಿಯಮಗಳಿಗೆ ಲಿಂಕು. ಕೊನೆಗೆ, ಯಾವ ಮಹಡಿ ಬೇಕು, ಯಾಕೆ ಬೇಕು ಎಂದು ತುಂಬುವ ಫಾರ್ಮು. ಮೊದಲು ಕಳಿಸಿದವರಿಗೆ ಮೊದಲ ಆಯ್ಕೆ.

ಲಿಂಕು ಒತ್ತಿದರೆ ಅದೇ ಪುಟ ಬದಲಾಗಬೇಕೋ, ಬ್ರೌಸರಿನಲ್ಲಿ ಹೊಸ ಟ್ಯಾಬ್ ತೆರೆಯಬೇಕೋ? ಪವಾಯಿಯ ಕಂಪನಿಯೊಂದರಲ್ಲಿ ಇಂಥ ವೆಬ್‌ಪುಟಗಳನ್ನೇ ಮಾಡುವ ಅಕ್ಕ ಜಗಳಕ್ಕೇ ಬಂದಳು.

"ಹೊಸ ಟ್ಯಾಬ್ ಬೇಕಾದವರು ಅವರೇ ತೆರೀತಾರೆ. ನೀನ್ಯಾರು ತೆರೀಲಿಕ್ಕೆ?"

"ಅರ್ಧ ತುಂಬಿದ ಫಾರ್ಮು ಹಾರಿಹೋದ್ರೆ ನೀನು ತುಂಬಿಕೊಡ್ತೀಯಾ?"

"ಅಪ್ಪನಿಗೆ ಟ್ಯಾಬ್ ಅಂದ್ರೆ ಎಂತ ಅಂತ್ಲೇ ಗೊತ್ತಿಲ್ಲ."

"ಅಪ್ಪನ್ನ ಎಳೀಬೇಡ. ವಾದ ಇದ್ರೆ ಹೇಳು."

ಎದುರಾಳಿಯ ಉದಾಹರಣೆಯನ್ನು ಕಿತ್ತು ಹಾಕಿದರೆ ಅರ್ಧ ಗೆದ್ದಂತೆ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದವು. ಅಕ್ಕ ತನ್ನ ಲ್ಯಾಪ್‌ಟಾಪಿಗೆ ಮರಳಿದಳು. ಪ್ರತಿ ಲಿಂಕಿಗೂ ಹೊಸ ಟ್ಯಾಬ್ ಇಟ್ಟೆ.

ನಮಗೆ ಮೊದಲ ಮಹಡಿಯೇ ಬೇಕಿತ್ತು. ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಅಮ್ಮ ಮತ್ತೆ ಅದನ್ನು ಹತ್ತಿದ್ದಿಲ್ಲ. ಅವಳ ಮೊಣಕಾಲಿಗೆ ಹೆಚ್ಚು ಮೆಟ್ಟಿಲು ಆಗುವುದಿಲ್ಲ. ಫಾರ್ಮನ್ನು ನಾನೇ ತುಂಬುತ್ತೇನೆಂದರೆ ಅಪ್ಪ ಬಿಡಲಿಲ್ಲ. "ನೀನು ಬರೆದ್ರೆ ಜಗಳ ಮಾಡಿದ ಹಾಗೆ ಇರ್ತದೆ. ಅಮ್ಮನ ವಿಷಯ ನಾನೇ ಬರೀತೇನೆ."

ಅಪ್ಪ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಸಪ್ಲೈಯರಾಗಿ ಸೇರಿ ಈಗ ಮ್ಯಾನೇಜರು. ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಫೋನ್ ಹಿಡಿದು ಕೂತಿದ್ದರಂತೆ. ಮೂರೂವರೆಗೆ ನನಗೆ ಫೋನ್ ಬಂತು.

"ಮಗಳೇ, ಬರೆದದ್ದು ಒಂದೂ ಇಲ್ಲ."

"ಮೇಲೆ ಇನ್ನೊಂದು ಟ್ಯಾಬ್ ಇರ್ತದೆ, ನೋಡಿ."

"ಎರಡಿತ್ತು. ನಕ್ಷೆ ನೋಡಿ ಆಯ್ತಲ್ಲ, ಎಲ್ಲ ಎತ್ತಿದೆ."

"ಎಲ್ಲ ಯಾಕೆ ಮುಚ್ಚಿದ್ರಿ?"

"ಮತ್ತೆ? ಮುಗಿದದ್ದನ್ನು ಹಾಗೇ ಬಿಡೂದಾ ಮಾರಾಯ್ತಿ?"

ಗಿರಾಕಿ ಎದ್ದ ಕೂಡಲೇ ತಟ್ಟೆ, ಲೋಟ ಎಲ್ಲ ಒಟ್ಟಿಗೆ ಎತ್ತಿ ಟೇಬಲ್ ಒರೆಸಿ ಪಳಗಿದ ಕೈ. ನಕ್ಷೆಯನ್ನು ಎತ್ತುವಾಗ ಫಾರ್ಮನ್ನೂ ಎತ್ತಿತ್ತು.

ನಾನೇ ಗಡಿಬಿಡಿಯಲ್ಲಿ ಎರಡು ಸಾಲು ಬರೆದು ಕಳಿಸಿದೆ. ಅಷ್ಟರಲ್ಲಿ ಕೆಳಗಿನ ಮಹಡಿಗಳೆಲ್ಲ ಹೋಗಿದ್ದವು. ನಮಗೆ ಉಳಿದದ್ದು ಏಳನೆಯದು. ಕಮಿಟಿಯ ಸೆಕ್ರೆಟರಿ ಕಾಕಾನ ಬಳಿ ಓಡಿ ಅರ್ಧ ಗಂಟೆ ವಾದಿಸಿದೆ. ಅವರು ಪೂರ್ತಿ ಕೇಳಿದರು. ಕೊನೆಗೆ, "ಬೇಟಾ, ರೂಲ್ ತೋ ರೂಲ್ ಹೈ ನಾ," ಎಂದು ಚಹಾ ಮುಂದಿಟ್ಟರು. ನಾನು ಅವರ ಜಾಗದಲ್ಲಿದ್ದರೂ ನಿಯಮ ಅಂದರೆ ನಿಯಮ ಎಂದೇ ಹೇಳುತ್ತಿದ್ದೆ.

ಅಕ್ಕನ ಮಾತು ಕೇಳಿದ್ದರೆ? ನಕ್ಷೆ ಬಂದು ಫಾರ್ಮಿನ ಮೇಲೆ ಕೂರುತ್ತಿತ್ತು. ಬ್ಯಾಕ್ ಒತ್ತಿದರೆ ಬರೆದದ್ದು ಉಳಿಯುತ್ತಿತ್ತೋ ಇಲ್ಲವೋ, ಖಾತ್ರಿಯಿಲ್ಲ. ಎರಡೂ ಕಡೆಯಿಂದ ವಾದಿಸಿ ನೋಡಿದೆ. ಯಾವ ಕಡೆಯಿಂದಲೂ ಅಮ್ಮ ಮೊದಲ ಮಹಡಿಗೆ ಬರಲಿಲ್ಲ.

ಸಂಜೆ ಮನೆಗೆ ಬಂದ ಅಪ್ಪನಿಗೆ, "ತಪ್ಪು ನನ್ನದು, ಯಾಕೆಂದರೆ..." ಎಂದು ಶುರು ಮಾಡಿದೆ.

"ಬಿಡು ಮಗಳೇ. ಬಾಕಿಯವರೆಲ್ಲ ತುಂಬಿದ್ರಲ್ಲ. ನನ್ನ ಕೈಯೇ ಸರಿ ಇಲ್ಲ."

ಇನ್ನೆರಡು ಕಾರಣ ಕೊಟ್ಟೆ. ಅಪ್ಪ ಒಂದನ್ನೂ ಒಪ್ಪಲಿಲ್ಲ. ಅಡುಗೆಮನೆಯಿಂದ ಅಮ್ಮ ಕೇಳಿದಳು, "ಏಳು ಅಂದ್ರೆ ಮೆಟ್ಟಿಲು ಎಷ್ಟಾಗ್ತದೆ?"

ಅಪ್ಪ ನನ್ನ ಮುಖ ನೋಡಿದರು.