ಮಲ್ಲಿಕಾರ್ಜುನಪ್ಪನವರ ವೈಫೈ ಕಾವಲು

ಪಂಚನಹಳ್ಳಿಯ ಮಲ್ಲಿಕಾರ್ಜುನಪ್ಪನವರು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಕೂಡಲೇ ಫೋನ್ ಹಿಡಿದು, ತಮ್ಮ ವೈಫೈಗೆ ಯಾರ್ಯಾರು ಸೇರಿಕೊಂಡಿದ್ದಾರೆಂದು ನೋಡುತ್ತಾರೆ. ಗುರುತಿಲ್ಲದ ಫೋನ್ ಕಂಡರೆ ಆಗಲೇ ಬ್ಲಾಕ್ ಮಾಡುತ್ತಾರೆ. ಬಂದ ನೆಂಟರಿಗೆ ಬಾಗಿಲಲ್ಲೇ, "ಕಾಫಿ ಎಷ್ಟಾದ್ರೂ ಕುಡೀರಿ, ವೈಫೈ ಮಾತ್ರ ಕೇಳ್ಬೇಡಿ ಕಣ್ರೀ" ಎನ್ನುತ್ತಾರೆ. ಒಮ್ಮೆ ವೈರ್ ಹೋಗಲೆಂದು ಕಬ್ಬಿಣದ ಬೀರುವಿಗೇ ತೂತು ಕೊರೆಸಿ, ರೂಟರನ್ನು ಒಳಗಿಟ್ಟು ಬೀಗ ಹಾಕಿ, ನೆಟ್ ಬರುತ್ತಿಲ್ಲವೆಂದು ಮನೆಯವರನ್ನೆಲ್ಲ ಬೈದಿದ್ದರು. ಇಷ್ಟೆಲ್ಲ ಮಾಡುವವರು ಪಾಸ್‌ವರ್ಡ್ ಮಾತ್ರ ಬದಲಿಸುವುದಿಲ್ಲ. ಆಸ್ತಿ ಪಾಲಾದ ಮೇಲೆ ಮಾತು ಬಿಟ್ಟಿರುವ, ಪಕ್ಕದ ಮನೆಯ ತಮ್ಮ ಓಂಕಾರೇಶನ ಫೋನಿನಲ್ಲಿ ಆ ಹಳೆಯ ಪಾಸ್‌ವರ್ಡ್ ಇನ್ನೂ ಇದೆ. "ಅವರನ್ನ ಯಾಕೆ ಬ್ಲಾಕ್ ಮಾಡಲ್ಲ ಅಂಕಲ್?" ಎಂದು ಎದುರುಮನೆಯವಳಾದ ನಾನು ಒಮ್ಮೆ ಕೇಳಿದೆ. "ಹಾರ್ಟ್ ಆಪರೇಷನ್ ಆಗಿ ಬಂದವ್ನೆ ಕಣಮ್ಮ. ಬೆಳಿಗ್ಗೆ ಅವ್ನು ಫೋನ್ ಆನ್ ಮಾಡಿದ್ರೆ ಇಲ್ಲಿ ಅವನ ಹೆಸ್ರು ಬತ್ತದೆ. ಎದ್ದನೋ ಇಲ್ವೋ ಅಂತ ನಾನು ಇನ್ಯಾರನ್ನ ಕೇಳ್ಲಿ?"